ಗಂಗಲಕ್ಷ್ಮಮ್ಮನ ಹೂಂ

ಹುಣಸೇಪಾಳ್ಯದಲ್ಲಿ ಗಂಗಲಕ್ಷ್ಮಮ್ಮನಷ್ಟು ಕಡಿಮೆ ಮಾತಾಡುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಅವಳಷ್ಟು ಹೇಳಿ ಮುಗಿಸುವವಳೂ ಇನ್ನೊಬ್ಬಳಿರಲಿಲ್ಲ. ಗುಬ್ಬಿಯಿಂದ ಆರು ಮೈಲಿ ದೂರದ ಆ ಹಳ್ಳಿಗೆ ಸೊಸೆಯಾಗಿ ಬಂದ ಮೂವತ್ತೆಂಟು ವರ್ಷವನ್ನು ಆಕೆ ಬಹುಮಟ್ಟಿಗೆ ಒಂದೇ ಪದದಲ್ಲಿ ನಿಭಾಯಿಸಿದ್ದಳು. ಆ ಪದ ‘ಹೂಂ’.

ಯಡಿಯೂರಿನ ತವರುಮನೆಗೆ ಗಂಡಿನ ಕಡೆಯವರು ಬಂದಾಗಲೇ ಇದು ಶುರುವಾದದ್ದು. ಅಡುಗೆ ಬರ್ತದಾ ಅಂದರು, ಹೂಂ ಅಂದಳು. ರಾಗಿ ಬೀಸ್ತೀಯಾ ಅಂದರು, ಹೂಂ ಅಂದಳು. ಹುಡುಗ ಒಪ್ಪಿಗೇನಾ ಎಂದಾಗಲೂ ಅದೇ. ಬಂದಿದ್ದ ಹಿರಿಯರಿಗೆ ಮೂರೂ ಒಂದೇ ಥರ ಕೇಳಿಸಿದವು. ಆದರೆ ಮೂರನೆಯದನ್ನು ಕೇಳಿದ ಅವಳ ತಾಯಿ, ನಗು ಮುಚ್ಚಿಕೊಳ್ಳಲು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಕ್ಕೆ ಹೋಗಿದ್ದಳು.

ಅಂದು ಒಪ್ಪಿಗೆಯಾದ ಹುಡುಗ ಅಣ್ಣಯ್ಯಪ್ಪ ಈಗ ಮೊಮ್ಮಕ್ಕಳ ತಾತ. ಹೆಂಡತಿಯ ಹೂಂಗಳಲ್ಲಿ ತಾನು ಈವರೆಗೆ ಹನ್ನೊಂದನ್ನು ಗುರುತು ಹಿಡಿದಿದ್ದೇನೆ, ಮಿಕ್ಕವು ಇನ್ನೂ ಸಿಲಬಸ್ಸಿನಲ್ಲಿವೆ ಎಂದು ಅವನು ಅರಳಿಕಟ್ಟೆಯಲ್ಲಿ ಹೇಳಿಕೊಳ್ಳುತ್ತಿದ್ದ. ಒಂದು ಸಲ, ಜೋಡೆತ್ತು ಮಾರಿ ಲೂನಾ ತಗೊಂಡರೆ ಹೆಂಗೆ ಅಂದಿದ್ದಕ್ಕೆ ಅವಳು ಹೂಂ ಅಂದಿದ್ದಳು. ಅವನು ಲೂನಾದ ಮಾತನ್ನು ಮತ್ತೆ ಎತ್ತಲಿಲ್ಲ. ಇನ್ನೊಂದು ಸಲ ಕೇಳದೆಯೇ ಟ್ರಾನ್ಸಿಸ್ಟರ್ ತಂದು ತೋರಿಸಿದಾಗಲೂ ಹೂಂ ಅಂದಳು. ಅವನು ಎರಡು ದಿನ ಪಂಪ್‌ಸೆಟ್ ಮನೆಯಲ್ಲಿ ಮಲಗಿದ. ಮಕ್ಕಳು ಜಗಳವಾಡುತ್ತಿದ್ದರೆ ಅಡುಗೆಮನೆಯಿಂದ ಬರುವ ಒಂದು ಹೂಂಗೆ ಅಂಗಳ ತಣ್ಣಗಾಗುತ್ತಿತ್ತು. ಇಬ್ಬರು ಹೆಂಗಸರು ರಾಗಿಮೂಟೆ ಎತ್ತುವಾಗ ಅವಳ ಹೂಂ ಬಿದ್ದರೆ ಇಬ್ಬರ ಸೊಂಟವೂ ಒಟ್ಟಿಗೆ ಎದ್ದು ನಿಲ್ಲುತ್ತಿತ್ತು. ಸಾವಿನ ಮನೆಯಲ್ಲಿ ಆಕೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತು ನಾಲ್ಕು ಬಾರಿ ಆ ಪದ ಹೇಳಿ ಎದ್ದು ಬಂದರೆ, ಗಂಗಲಕ್ಷ್ಮಮ್ಮ ಬಂದು ಎಷ್ಟು ಸಮಾಧಾನ ಹೇಳಿದಳು ಎಂದು ಆ ಮನೆಯವರು ವರ್ಷವಿಡೀ ನೆನೆಯುತ್ತಿದ್ದರು.

ಇವೆಲ್ಲ ಚಿಲ್ಲರೆ. ಅವಳ ಹೂಂನ ನಿಜವಾದ ಕೆಲಸವಿದ್ದದ್ದು ಹುಣಸೆ ಕಾಲದ ಮಧ್ಯಾಹ್ನಗಳಲ್ಲಿ.

ಫೆಬ್ರವರಿ ಬಂತೆಂದರೆ ಊರಿನ ಜಗಲಿಗಳ ಮೇಲೆಲ್ಲ ಹುಣಸೆಹಣ್ಣಿನ ರಾಶಿ. ಊಟವಾದ ಮೇಲೆ ಹೆಂಗಸರು ಸುತ್ತ ಕೂತು, ಮರದ ಕೊಡತಿಯಲ್ಲಿ ಕುಟ್ಟಿ ಬೀಜ ತೆಗೆಯುತ್ತಾರೆ. ಆ ಹೊತ್ತಿಗೂ, ಹಬ್ಬದ ಮಧ್ಯಾಹ್ನಗಳಿಗೂ ಕತೆ ಹೇಳುವವಳು ಸರ್ವಮಂಗಳಮ್ಮ: ಅಣ್ಣಯ್ಯಪ್ಪನ ಅಣ್ಣನ ಹೆಂಡತಿ, ಗಂಗಲಕ್ಷ್ಮಮ್ಮನಿಗೆ ಓರಗಿತ್ತಿ, ಅವಳ ಬಾಯಲ್ಲಿ ಅಕ್ಕಯ್ಯ. ಒಬ್ಬಳು ಒಂದು ಸಾಲು ಮಾತಿಗೆ ಹತ್ತು ಸಾಲು ಜೋಡಿಸುವವಳು, ಇನ್ನೊಬ್ಬಳು ಹತ್ತು ಸಾಲಿಗೆ ಒಂದಕ್ಷರ ಕೊಡುವವಳು. ಮನೆಗಳು ಪಾಲಾದರೂ ಈ ಇಬ್ಬರ ಜಗಲಿ ಪಾಲಾಗಿರಲಿಲ್ಲ.

ಕತೆ ಹೇಳುವವರಿಗೆ ಆ ಕಡೆ ಒಂದು ಕಟ್ಟುಪಾಡಿದೆ. ಎದುರಿಗೆ ಒಬ್ಬರು ಹೂಂಗುಟ್ಟಬೇಕು. ಸಾಲು ಮುಗಿದಲ್ಲಿ ಹೂಂ ಬಿದ್ದರೆ ಕತೆ ಮುಂದಕ್ಕೆ ಹೋಗುತ್ತದೆ. ಬೀಳದಿದ್ದರೆ ಕೇಳುವವರು ಮಲಗಿದರು ಎಂದು ಅರ್ಥ, ಮಲಗಿದವರಿಗೆ ಕತೆ ಹೇಳುವುದು ಸಲ್ಲದು, ಅಲ್ಲಿಗೆ ನಿಲ್ಲಿಸಬೇಕು. ರಾಜಕುಮಾರಿ ಹುಲಿಯ ಬಾಯಲ್ಲಿದ್ದರೂ ಸರಿಯೇ, ಹೂಂ ಬರುವ ತನಕ ಅಲ್ಲೇ ಇರಬೇಕು. ಹುಣಸೇಪಾಳ್ಯದಲ್ಲಿ ಈ ಕೆಲಸಕ್ಕೆ ಗಂಗಲಕ್ಷ್ಮಮ್ಮನನ್ನು ಬಿಟ್ಟರೆ ಬೇರೆ ಹೆಸರು ಯಾರಿಗೂ ಹೊಳೆಯುತ್ತಿರಲಿಲ್ಲ. ನಾನಿದ್ದೀನಿ ಹೋಗು ಎನ್ನುವ ಸಾದಾ ಹೂಂ ಅವಳಲ್ಲಿತ್ತು. ರಾಕ್ಷಸ ಬಂದಾಗ ಒಳಕ್ಕೆ ಎಳೆದುಕೊಳ್ಳುವ ಹೂಂ ಇತ್ತು. ಸೊಸೆಗೆ ಅನ್ನ ಇಕ್ಕದ ಅತ್ತೆಗೆಂದೇ ಮೂಗಿನಲ್ಲಿ ತಿರುವುವ ಹೂಂ ಇತ್ತು. ಅದನ್ನು ಕಲಿಯಲು ಅವಳು ದೂರ ಹೋಗಬೇಕಾಗಿರಲಿಲ್ಲ, ಇಬ್ಬರಿಗೂ ಒಬ್ಬಳೇ ಅತ್ತೆ ಇದ್ದಳು. ಇವೆಲ್ಲದರ ಜತೆಗೆ ಇನ್ನೊಂದಿತ್ತು. ಕೊನೆಯಲ್ಲಿ ಕೊಂಚ ಮೇಲೆದ್ದು ನಿಲ್ಲುವ ಅದು, ದಾರಿ ತಪ್ಪಿದ ದನದ ಹಗ್ಗವನ್ನು ಹಿಂದಕ್ಕೆ ಜಗ್ಗಿದ ಹಾಗಿರುತ್ತಿತ್ತು. ಹಿಂದಿನ ದೀಪಾವಳಿಯವರೆಗೆ ಅದನ್ನು ಅವಳು ಬಳಸಿಯೇ ಇರಲಿಲ್ಲ.

ದೀಪಾವಳಿಯಿಂದ ಈಚೆಗೆ ಹನ್ನೊಂದು ಸಲ ಬಳಸಿದ್ದಳು.

ಹನ್ನೊಂದು ಸಲವೂ ಒಂದೇ ಕತೆಯಲ್ಲಿ: ಬಾವಿಗಿಳಿದ ಸೊಸೆಯ ಕತೆ, ಸರ್ವಮಂಗಳಮ್ಮನ ಕತೆಗಳಲ್ಲೆಲ್ಲ ದೊಡ್ಡದು. ಅತ್ತೆಯ ಸೊಂಟದ ಬೆಳ್ಳಿ ಡಾಬು ಕಿರಿಸೊಸೆಯ ಕೈಜಾರಿ ಬಾವಿಗೆ ಬೀಳುತ್ತದೆ. ತರದೆ ಮನೆಗೆ ಬರಬೇಡ ಅನ್ನುತ್ತಾಳೆ ಅತ್ತೆ. ಸೊಸೆ ಬಾವಿಗಿಳಿದರೆ ತಳದಲ್ಲಿ ಒಂದು ಆಮೆ ಡಾಬಿನ ಮೇಲೆ ಕೂತಿದೆ. ಬಿಟ್ಟುಕೊಡಬೇಕಾದರೆ ನಿನ್ನ ನೆರಳು ಕೊಡು ಅನ್ನುತ್ತದೆ, ಕೊಡುತ್ತಾಳೆ. ನಗು ಕೊಡು ಅನ್ನುತ್ತದೆ, ಕೊಡುತ್ತಾಳೆ. ಹೆಸರು ಕೊಡು ಅನ್ನುತ್ತದೆ, ಅದನ್ನೂ ಕೊಟ್ಟು ಡಾಬು ತಂದರೆ ಮನೆಯಲ್ಲಿ ಯಾರಿಗೂ ಅವಳ ಗುರುತಿಲ್ಲ. ತನ್ನ ಮನೆಯಲ್ಲೇ ಹನ್ನೆರಡು ವರ್ಷ ಕಸಮುಸುರೆ ಮಾಡಿಕೊಂಡು ಇರುತ್ತಾಳೆ, ಆಮೇಲೆ ಎಲ್ಲ ನೆಟ್ಟಗಾಗುತ್ತದೆ. ಈಚೆಗೆ ಸರ್ವಮಂಗಳಮ್ಮ ಹೆಸರಿನ ಹತ್ತಿರಕ್ಕೆ ಬಂದಾಗಲೆಲ್ಲ ಏನೋ ಆಗುತ್ತಿತ್ತು. ಆಮೆ ಕೇಳುತ್ತದೆ, ಸೊಸೆ ಕೊಡಬೇಕು. ಆದರೆ ಅಕ್ಕಯ್ಯನ ಬಾಯಿಂದ ಇನ್ಯಾವುದೋ ಸಾಲು ಹೊರಡುತ್ತಿತ್ತು. ಗಂಗಲಕ್ಷ್ಮಮ್ಮ ಆ ಜಗ್ಗುವ ಹೂಂ ಹಾಕುತ್ತಿದ್ದಳು. ಅಕ್ಕಯ್ಯ ಹಳೆಯ ದಾರಿಗೆ ಬರುತ್ತಿದ್ದಳು. ಅರವತ್ತೆರಡು ವಯಸ್ಸು, ಕಣ್ಣಿಗೆ ಪೊರೆ ಬಂದಿದೆ, ನೆನಪಿಗೂ ಪೊರೆ ಬರುತ್ತಿದೆ ಎಂದು ಗಂಗಲಕ್ಷ್ಮಮ್ಮ ತನ್ನೊಳಗೇ ತಿಳಿದುಕೊಂಡಳು. ಗಂಡನಿಗೂ ಹೇಳಲಿಲ್ಲ.

ಹೀಗಿರುವಾಗ, ತೊಂಬತ್ತಾರನೇ ಇಸವಿಯ ಆ ಹುಣಸೆ ಕಾಲದಲ್ಲಿ, ತುಮಕೂರಿನ ಕಾಲೇಜೊಂದರ ಕನ್ನಡ ಮೇಷ್ಟ್ರು ದಯಾನಂದ ಟೇಪ್ ರೆಕಾರ್ಡರ್ ಹಿಡಿದುಕೊಂಡು ಬಂದ. ಎರಡು ಮಧ್ಯಾಹ್ನ ಜಗಲಿಯಲ್ಲಿ ಕೂತು ರೆಕಾರ್ಡ್ ಮಾಡಿಕೊಂಡ, ಎರಡು ಸೇರು ಹುಣಸೆಹಣ್ಣನ್ನೂ ಕಟ್ಟಿಸಿಕೊಂಡು ಹೋದ. ಹದಿನೈದು ದಿನಕ್ಕೆ ಬೆವರು ಸುರಿಸುತ್ತ ಮತ್ತೆ ಬಂದ. ತುಮಕೂರಿನಲ್ಲಿ ಜಿಲ್ಲಾ ಮಟ್ಟದ ಕತೆ ಹೇಳುವ ಸ್ಪರ್ಧೆಯಿದೆ, ಅಮ್ಮನ ಟೇಪು ಆಯ್ಕೆಯಾಗಿದೆ, ಮೊದಲು ಬಂದವರು ಬೆಂಗಳೂರಿನ ರೇಡಿಯೋದಲ್ಲಿ ಒಂದು ಗಂಟೆ ಕತೆ ಹೇಳುತ್ತಾರೆ ಎಂದ.

ಸರ್ವಮಂಗಳಮ್ಮ ಹಿಡಿದಿದ್ದ ಕೊಡತಿ ಕೆಳಗಿಟ್ಟಳು. ಆ ಸಂಜೆಯೊಳಗೆ ಊರಿನ ಅರವತ್ತು ಮನೆಗೂ ವಿಷಯ ಮುಟ್ಟಿತು. ಐವತ್ತು ಮನೆಗೆ ಆಕೆಯೇ ಮುಟ್ಟಿಸಿದಳು. ಮಗ್ಗದ ಸೀರೆ ಪೆಟ್ಟಿಗೆಯಿಂದ ಹೊರಬಂತು. ಗುಬ್ಬಿಯಲ್ಲಿ ಕನ್ನಡಕದ ಗಾಜು ಬದಲಾಯಿಸಿಕೊಂಡು ಬಂದದ್ದಾಯಿತು. ಇಡೀ ಸಂಭ್ರಮದ ನಡುವೆ ಒಂದು ಮಧ್ಯಾಹ್ನ ಮಾತ್ರ, ಯಾರೂ ಇಲ್ಲದಾಗ, ಅಕ್ಕಯ್ಯ ದನಿ ತಗ್ಗಿಸಿದಳು.

“ಅಷ್ಟು ಜನದ ಮುಂದೆ ಮಧ್ಯದಲ್ಲಿ ನಿಂತೋದ್ರೆ, ಇನ್ನ ಈ ಬಾಯಲ್ಲಿ ಕತೆ ಬರಕಿಲ್ಲ ಕಣೇ ಗಂಗಿ. ಜಗಲಿ ಮೇಲೂ ಬರಕಿಲ್ಲ.”

ಗಂಗಲಕ್ಷ್ಮಮ್ಮ ಹೂಂ ಅಂದಳು. ನಾನಿರುವಾಗ ಅದು ಹೇಗೆ ನಿಲ್ಲುತ್ತದೆ ನೋಡುತ್ತೇನೆ ಎಂಬುದು ಅದರಲ್ಲಿತ್ತು. ಅವಳ ಎದೆ ಮಾತ್ರ ಹನ್ನೊಂದು ಸಲದ ಲೆಕ್ಕ ಹಾಕುತ್ತಿತ್ತು.

ಭಾನುವಾರ ಬೆಳಗ್ಗೆ ಗುಬ್ಬಿಯಿಂದ ತುಮಕೂರಿನ ಬಸ್ಸು ಹತ್ತುವಾಗ ಇಬ್ಬರ ಜತೆ ಅಣ್ಣಯ್ಯಪ್ಪನೂ ಇದ್ದ, ಕಂಕುಳಲ್ಲಿ ಛತ್ರಿ, ಮಳೆಯ ಸುಳಿವೇ ಇಲ್ಲದಿದ್ದರೂ. ದಾರಿಯುದ್ದಕ್ಕೂ ಸರ್ವಮಂಗಳಮ್ಮ ಪಕ್ಕದ ಸೀಟಿನವರಿಗೆ, ಹಿಂದಿನ ಸೀಟಿನವರಿಗೆ, ಕೊನೆಗೆ ಕಂಡಕ್ಟರನಿಗೂ ತಾನು ಎಲ್ಲಿಗೆ ಹೋಗುತ್ತಿರುವುದೆಂದು ಹೇಳಿದಳು. ಮೈಕಿನ ಮುಂದೆ ತನ್ನ ಹೂಂ ಹೇಗೆ ಕೇಳಿಸಬಹುದು ಎಂದು ಗಂಗಲಕ್ಷ್ಮಮ್ಮ ಕಿಟಕಿಯ ಕಡೆ ಮುಖ ಮಾಡಿ, ಯಾರಿಗೂ ಕಾಣದಂತೆ, ಎರಡು ಸಲ ಸಣ್ಣಗೆ ಹೇಳಿ ನೋಡಿಕೊಂಡಳು.

ಸಭಾಂಗಣದ ಬಾಗಿಲಲ್ಲೇ ದಯಾನಂದ ಎದುರಾದ. ಆಕಾಶದಲ್ಲೇ ನಡೆಯುತ್ತಿದ್ದ. ತನ್ನ ಟೇಪನ್ನು ಎಲ್ಲರೂ ಮೆಚ್ಚಿದ್ದಾರೆ, ಅದಕ್ಕಾಗಿ ತಾನು ಎಷ್ಟು ಕಷ್ಟಪಟ್ಟೆ ಎಂದು ವಿವರಿಸತೊಡಗಿದ. ಜಗಲಿಯಲ್ಲಿ ರೆಕಾರ್ಡ್ ಮಾಡಿದ್ದರಲ್ಲಿ ಸಾಲುಸಾಲಿಗೂ ಒಂದು ಸದ್ದು ಅಡ್ಡ ಬರುತ್ತಿತ್ತಂತೆ. ಎರಡು ಟೇಪ್ ರೆಕಾರ್ಡರ್ ಎದುರು ಬದುರು ಇಟ್ಟು, ಮೂರು ದಿನ ಕೂತು, ಆ ಸದ್ದನ್ನೆಲ್ಲ ಒಂದೊಂದಾಗಿ ತೆಗೆದನಂತೆ.

“ಈಗ ಎಷ್ಟು ಕ್ಲೀನಾಗಿದೆ ಅಂತೀರ,” ಅಂದ.

ಯಾವ ಸದ್ದು ಎಂದು ಅಣ್ಣಯ್ಯಪ್ಪ ಕೇಳಿದ. ಅದೇ, ಯಾರೋ ಹೂಂ ಹೂಂ ಅಂತಿದ್ದರಲ್ಲ ಎಂದ ದಯಾನಂದ. ಗಂಗಲಕ್ಷ್ಮಮ್ಮ ಹೂಂ ಅಂದಳು. ಅಣ್ಣಯ್ಯಪ್ಪ ಛತ್ರಿಯನ್ನು ಆ ಕಂಕುಳಿನಿಂದ ಈ ಕಂಕುಳಿಗೆ ಬದಲಾಯಿಸಿ ಎರಡು ಹೆಜ್ಜೆ ದೂರ ನಿಂತ. ದಯಾನಂದನಿಗೆ ಏನೂ ಗೊತ್ತಾಗಲಿಲ್ಲ. ಅವನಿನ್ನೂ ಸಿಲಬಸ್ಸನ್ನೇ ತೆರೆದಿರಲಿಲ್ಲ.

ಒಳಗೆ ಇನ್ನೂರು ಜನ. ವೇದಿಕೆಯ ಮೇಲೆ ಒಂದು ಕುರ್ಚಿ, ಒಂದು ಮೈಕು. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಹದಿನೈದಕ್ಕೆ ಮೊದಲ ಗಂಟೆ, ಇಪ್ಪತ್ತಕ್ಕೆ ಎರಡನೆಯದು, ಅಷ್ಟರೊಳಗೆ ಕತೆ ಮುಗಿಯದಿದ್ದರೆ ಬಹುಮಾನವಿಲ್ಲ. ರೇಡಿಯೋಗಾಗಿ ಎಲ್ಲವನ್ನೂ ರೆಕಾರ್ಡ್ ಮಾಡುತ್ತಿರುವುದರಿಂದ ಸಭಿಕರು ಒಂದಿಷ್ಟೂ ಸದ್ದು ಮಾಡಕೂಡದು ಎಂದು ಅಧ್ಯಕ್ಷೆ ಹೇಳಿದರು. ಅವರು ನಿವೃತ್ತ ಪ್ರಾಂಶುಪಾಲೆ, ಇಂಥ ಮಾತನ್ನು ಎರಡು ಸಲ ಹೇಳಿ ಅಭ್ಯಾಸವಿರಲಿಲ್ಲ. ಕತೆಗಾರರ ಜತೆಗೆ ಬಂದವರೆಲ್ಲ ನಾಲ್ಕನೇ ಸಾಲಿನಲ್ಲಿ ಕೂರಬೇಕೆಂದು ಆಯಿತು.

ಸರ್ವಮಂಗಳಮ್ಮನಿಗಿಂತ ಮೊದಲು ಕುಣಿಗಲ್ಲಿನ ಪುಟ್ಟರಂಗಯ್ಯ ಮೇಷ್ಟ್ರು. ಇವರಿಗೆ ಜಿಲ್ಲೆಯಲ್ಲಿ ಬಹುಮಾನ ಬಾರದ ಸ್ಪರ್ಧೆಯೇ ಇಲ್ಲವೆಂದು ಪಕ್ಕದವರು ಪಿಸುಗುಟ್ಟಿದರು. ಮೇಷ್ಟ್ರು ಹತ್ತೊಂಬತ್ತೂವರೆ ನಿಮಿಷ, ತೆರೆದಿಟ್ಟ ನಲ್ಲಿಯ ಹಾಗೆ, ಒಂದೇ ಸಮನೆ ಹರಿದರು. ಅವರಿಗೆ ಯಾರ ಹೂಂ ಕೂಡ ಬೇಕಾಗಿರಲಿಲ್ಲ. ಕೇಳುವವರು ಬೇಕಾಗಿದ್ದರೋ ಇಲ್ಲವೋ ಎಂಬುದೂ ಗಂಗಲಕ್ಷ್ಮಮ್ಮನಿಗೆ ಗೊತ್ತಾಗಲಿಲ್ಲ.

ಸರ್ವಮಂಗಳಮ್ಮ ಮಗ್ಗದ ಸೀರೆ ಸರಿಮಾಡಿಕೊಂಡು ಕುರ್ಚಿಯ ಮೇಲೆ ಕೂತಳು. ಗಡಿಯಾರದವನು ಕೈ ಎತ್ತಿದ.

“ಒಂದೂರಲ್ಲಿ ಒಬ್ಳು ಅತ್ತೆ ಇದ್ಲಂತೆ,” ಅಂದಳು. ನಿಲ್ಲಿಸಿದಳು.

ಇನ್ನೂರು ಜನ ಬಹಳ ಮರ್ಯಾದೆಯಿಂದ ಸುಮ್ಮನಿದ್ದರು.

ಅವಳು ಅದೇ ಸಾಲನ್ನು ಮತ್ತೆ ಹೇಳಿದಳು. ಫ್ಯಾನು ತಿರುಗುವುದಷ್ಟೇ ಕೇಳಿಸಿತು. ಕನ್ನಡಕದೊಳಗಿನಿಂದ ಆ ತುದಿಯಿಂದ ಈ ತುದಿಗೆ ಕಣ್ಣು ಹಾಯಿಸಿದಳು. ಪೊರೆ ಬಂದ ಕಣ್ಣಿಗೆ ಇನ್ನೂರು ಮುಖವೂ ಒಂದೇ ಬೂದಿಬಣ್ಣ.

“ಇದೇನು, ಎಲ್ಲಾ ಮಲಗ್ಬುಟ್ರಾ?”

ಸಭೆ ಗೊಳ್ಳೆಂದಿತು. ಅಧ್ಯಕ್ಷೆ ಮೇಜು ತಟ್ಟಿ ಎಲ್ಲರನ್ನೂ ಮತ್ತೆ ಮಲಗಿಸಿದರು. ಅಜ್ಜಿಗೆ ಮರೆತುಹೋಯಿತು, ಪಾಪ, ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಒಂದು ನಿಮಿಷ ಆಗಿಹೋಯಿತು. ತುಂಬಿದ ಸಭೆಯಲ್ಲಿ ಗಂಗಲಕ್ಷ್ಮಮ್ಮ ಜೀವಮಾನದಲ್ಲಿ ದನಿ ತೆಗೆದವಳಲ್ಲ. ಅಣ್ಣಯ್ಯಪ್ಪ ಮೊಣಕೈಯಲ್ಲಿ ತಿವಿದ.

“ಅನ್ನೇ.”

“ಹೂಂ,” ಅಂದಳು.

ಇನ್ನೂರು ತಲೆ ತಿರುಗಿದವು. ವೇದಿಕೆಯ ಮೇಲಿನ ಮುಖದಲ್ಲಿ ಮಾತ್ರ ದೀಪ ಹತ್ತಿಕೊಂಡಿತು. “ಆ ಅತ್ತೆಗೆ ಏಳು ಜನ ಸೊಸೇರಂತೆ,” ಎಂದು ಸರ್ವಮಂಗಳಮ್ಮ ಹೊರಟೇಬಿಟ್ಟಳು. ಹೂಂ. “ಕಿರಿಸೊಸೆ ತವರಿಲ್ದೋಳಂತೆ.” ಹೂಂ. ಅಷ್ಟರಲ್ಲಿ ಅಧ್ಯಕ್ಷೆ ಕೈ ಎತ್ತಿ ನಿಲ್ಲಿಸಿ, ಸದ್ದು ಮಾಡುತ್ತಿರುವವರು ಯಾರು ಎಂದು ವಿಚಾರಿಸಿದರು. ದಯಾನಂದ ಓಡಿಬಂದು ಗಂಗಲಕ್ಷ್ಮಮ್ಮನ ಮುಂದೆ ಬಗ್ಗಿದ. ಬಾಯಲ್ಲಿ ಬೇಡ ಅಮ್ಮ, ಸುಮ್ಮನೆ ಕತ್ತು ಆಡಿಸಿ ಸಾಕು, ಅವರು ನೋಡಿಕೊಂಡು ಹೇಳುತ್ತಾರೆ ಎಂದು ಬೇಡಿಕೊಂಡ. ಓದಿದವರಿಗೆ ಎಲ್ಲಕ್ಕೂ ಒಂದು ಉಪಾಯ ಇರುತ್ತದೆ. ಗಂಗಲಕ್ಷ್ಮಮ್ಮ ಕತ್ತು ಆಡಿಸಿದಳು. ನಾಲ್ಕನೇ ಸಾಲಿನ ಆ ಕತ್ತು ಪೊರೆಯ ಕಣ್ಣಿಗೆ ಎಲ್ಲಿಂದ ಕಾಣಬೇಕು. ಕತೆ ಮತ್ತೆ ನಿಂತಿತು. ಈ ಸಲ ಸರ್ವಮಂಗಳಮ್ಮ ತಮಾಷೆ ಮಾಡಲಿಲ್ಲ. ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡಳು, ಎದ್ದು ಹೋಗುವವರು ಹಿಡಿದುಕೊಳ್ಳುವ ಹಾಗೆ.

ಗಂಗಲಕ್ಷ್ಮಮ್ಮ ಅದನ್ನು ಕಂಡಳು. ಕಂಡದ್ದೇ ಎದ್ದಳು. ಅಣ್ಣಯ್ಯಪ್ಪನ ಛತ್ರಿ ದಾಟಿಕೊಂಡು, ಮೂರು ಸಾಲು ದಾಟಿಕೊಂಡು, ವೇದಿಕೆಯ ಮೆಟ್ಟಿಲ ಹತ್ತಿರ ನಿಂತಳು. ಆಮೇಲೆ ಆಕೆ ಆಡಿದ್ದು ಮದುವೆಯಾದ ಮೇಲೆ ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತು ಎಂದು ಅಣ್ಣಯ್ಯಪ್ಪ ಈಗಲೂ ಪ್ರಮಾಣ ಮಾಡುತ್ತಾನೆ.

“ತಾಯಿ, ಹೂಂ ಅನ್ನೋರಿಲ್ದೆ ನಮ್ಮ ಕಡೆ ಕತೆ ನಡಿಯಕಿಲ್ಲ. ಅವ್ಳು ಮರ್ತಿಲ್ಲ, ನೀವು ಮಲಗಿದೀರಿ ಅಂದ್ಕಂಡವ್ಳೆ. ನನ್ನ ಅವ್ಳ ಪಕ್ಕ ಕೂರ್ಸಿ. ಇಲ್ಲಾ ಅಂದ್ರೆ ಹೇಳ್ಬುಡಿ, ಹನ್ನೆರಡೂವರೆ ಗುಬ್ಬಿ ಬಸ್ಸಿಗೆ ಇಬ್ರೂ ಹೋಯ್ತೀವಿ.”

ಅಧ್ಯಕ್ಷೆ ನಿಯಮದ ಹಾಳೆಯನ್ನು ಹಿಂದೆ ಮುಂದೆ ತಿರುವಿದರು. ಕತೆ ಹೇಳುವವರು ಒಬ್ಬರೇ ಇರಬೇಕೆಂದು ಅದರಲ್ಲಿತ್ತು. ಕೇಳುವವರು ಎಲ್ಲಿ ಕೂರಬೇಕೆಂದು ಇರಲಿಲ್ಲ. ಒಂದೇ ಮೈಕು ಇಬ್ಬರಿಗೂ ಸಾಕು ಎಂದು ರೆಕಾರ್ಡಿಂಗಿನವರು ಹೇಳಿದರು. ಕೂರಲಿ, ಆದರೆ ಗಡಿಯಾರ ನಿಲ್ಲಿಸುವುದಿಲ್ಲ ಎಂದು ತೀರ್ಪಾಯಿತು. ಆಗಲೇ ಆರು ನಿಮಿಷ ಹೋಗಿತ್ತು.

ಎರಡನೇ ಕುರ್ಚಿ ಬಂತು. ಗಂಗಲಕ್ಷ್ಮಮ್ಮ ಅದನ್ನು ಅಕ್ಕಯ್ಯನ ಕುರ್ಚಿಗೆ ತಾಗುವ ಹಾಗೆ ಎಳೆದುಕೊಂಡು ಕೂತಳು. “ಹೂಂ,” ಅಂದಳು. ಹೆಂಗಸರು ಮೂಟೆ ಎತ್ತುವಾಗ ಹಾಕುವ ಹೂಂ ಅದು. ಕತೆ ಎದ್ದು ನಿಂತಿತು.

ಆಮೇಲಿನ ಒಂಬತ್ತು ನಿಮಿಷ ಹೇಗೆ ಹೋಯಿತೋ. ಸರ್ವಮಂಗಳಮ್ಮನ ದನಿಗೆ ಹುಣಸೆ ಕಾಲದ ಕಸುವು ಬಂತು. ಡಾಬು ಬಾವಿಗೆ ಬಿತ್ತು. ಗಂಗಲಕ್ಷ್ಮಮ್ಮನ ಹೂಂ ಅದರ ಹಿಂದೆಯೇ ನೀರಿಗೆ ಬಿತ್ತು. ಅತ್ತೆ ಬಾಗಿಲು ಹಾಕಿಕೊಂಡಳು. ಮೂಗಿನ ಹೂಂ ಮೈಕಿನಲ್ಲಿ ತಿರುವಿ ಬಂದಾಗ ಸಭೆಯಲ್ಲಿದ್ದ ಸೊಸೆಯರೆಲ್ಲ ಕಿಸಕ್ಕೆಂದರು, ಅಧ್ಯಕ್ಷೆ ಮೇಜು ತಟ್ಟುವುದನ್ನು ಮರೆತರು. ಸೊಸೆ ಕಲ್ಲು ಕಲ್ಲು ಹಿಡಿದು ಬಾವಿಗೆ ಇಳಿಯುವಾಗ ಒಂದೊಂದು ಕಲ್ಲಿಗೆ ಒಂದೊಂದು ಹೂಂ, ಕೆಳಗೆ ಹೋದಷ್ಟೂ ಸಣ್ಣದಾಗುತ್ತ, ತಣ್ಣಗಾಗುತ್ತ. ಆಮೆ ನೆರಳು ಕೇಳಿತು, ಕೊಟ್ಟಾಯಿತು. ನಗು ಕೇಳಿತು, ಕೊಟ್ಟಾಯಿತು. ಗಂಗಲಕ್ಷ್ಮಮ್ಮನಿಗೆ ತಾನು ಎಲ್ಲಿದ್ದೇನೆ ಎಂಬುದೇ ಮರೆತಿತ್ತು.

ಮೊದಲ ಗಂಟೆ ಬಾರಿಸಿತು.

ಅವಳಿಗೆ ಎಚ್ಚರವಾಯಿತು. ಇನ್ನು ಐದೇ ನಿಮಿಷ. ಹೆಸರು ಕೊಡಬೇಕು, ಮೇಲೆ ಬರಬೇಕು, ಹನ್ನೆರಡು ವರ್ಷ ಕಸಮುಸುರೆ ಆಗಬೇಕು. ಜಗಲಿಯ ಮೇಲೆ ಆ ಹನ್ನೆರಡು ವರ್ಷಕ್ಕೇ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅದಕ್ಕಿಂತ ಮೊದಲು ಆ ಜಾಗ ಬೇರೆ ಬಂತು, ಅಕ್ಕಯ್ಯ ಪ್ರತಿಸಲ ಜಾರುವ ಜಾಗ.

“ಆಮೆ, ನಿನ್ನ ಹೆಸರು ಕೊಡು ಅಂತು,” ಅಂದಳು ಸರ್ವಮಂಗಳಮ್ಮ.

ಹೂಂ.

“ಅದಕ್ಕೆ ಸೊಸೆ, ‘ಕೊಡೋಣ ಬುಡು. ಮೊದ್ಲು ನಿನ್ನ ಹೆಸರೇನು ಹೇಳು’ ಅಂದ್ಲು.”

ಜಾರಿಯೇ ಬಿಟ್ಟಳು. ಗಂಗಲಕ್ಷ್ಮಮ್ಮ ಆ ಜಗ್ಗುವ ಹೂಂ ಹಾಕಿದಳು. ಅಕ್ಕಯ್ಯ ನಿಲ್ಲಲಿಲ್ಲ. ಯಾರೂ ಕೇಳಿರದ ಪ್ರಶ್ನೆ ಕೇಳಿ ಆಮೆ ತಬ್ಬಿಬ್ಬಾಯಿತಂತೆ. ಗಂಗಲಕ್ಷ್ಮಮ್ಮ ಇನ್ನಷ್ಟು ಬಲವಾಗಿ ಜಗ್ಗಿದಳು. ಆಗ ಅಕ್ಕಯ್ಯನ ಕೈ ಬಂದು ಅವಳ ಮೊಣಕಾಲನ್ನು ಒತ್ತಿತು. ಮೈಕಿನಲ್ಲೇ, ಇನ್ನೂರು ಜನಕ್ಕೂ ಕೇಳುವ ಹಾಗೆ, ಬಹಳ ಅಕ್ಕರೆಯಿಂದ ಅಂದಳು:

“ಸುಮ್ಕೆ ಕೇಳೇ ಗಂಗಿ. ಇದು ಬ್ಯಾರೆ ದಾರಿ. ಎಷ್ಟು ದಿನದಿಂದ ಹೋಗ್ಬೇಕು ಅಂತಿದೀನಿ, ನೀನು ಬುಡ್ತಾನೇ ಇಲ್ಲ.”

ಗಂಗಲಕ್ಷ್ಮಮ್ಮನಿಗೆ ದೀಪಾವಳಿಯ ಮಾರನೇ ದಿನದ ಮಧ್ಯಾಹ್ನ ನೆನಪಾಯಿತು, ಸಂಕ್ರಾಂತಿಯದು ನೆನಪಾಯಿತು. ಹನ್ನೊಂದು ಸಲವೂ ಅಕ್ಕಯ್ಯ ದಾರಿ ತಪ್ಪಿರಲಿಲ್ಲ. ಹೊಸ ದಾರಿಯ ಮೊದಲ ಹೆಜ್ಜೆ ಇಟ್ಟಿದ್ದಳು, ತಾನು ಎದುರಿಗೆ ಬೇಲಿಯ ಹಾಗೆ ನಿಂತು ಹಿಂದಕ್ಕೆ ಅಟ್ಟಿದ್ದಳು. ಮರೆವಿನ ಪೊರೆ ಎಂದು ಗುಟ್ಟಾಗಿ ಮರುಗಿದ್ದೂ ಆಗಿತ್ತು. ನಾಚಿಕೆ ಎನ್ನಲೂ ಪುರುಸೊತ್ತಿರಲಿಲ್ಲ, ಏಕೆಂದರೆ ಕತೆ ಓಡುತ್ತಿತ್ತು.

ಆಮೆ ಏಳು ಹಗಲು ಯೋಚನೆ ಮಾಡಿತಂತೆ. ಸಾವಿರ ವರ್ಷದಿಂದ ಮಂದಿಯ ಹೆಸರೆಲ್ಲ ಇಸಿದುಕೊಂಡು ಕೂತಿದೆ, ತನಗೇ ಒಂದು ಹೆಸರಿಲ್ಲ. ಅತ್ತುಬಿಟ್ಟಿತಂತೆ. ಆಮೆ ಅತ್ತರೆ ಬಾವಿಯ ನೀರು ಒಂದು ಮಟ್ಟ ಏರಿತಂತೆ. ಆಗ ಸೊಸೆ, ನಾನೊಂದು ಹೆಸರು ಇಡುತ್ತೇನೆ, ನನ್ನ ನೆರಳು, ನನ್ನ ನಗು ವಾಪಸು ಕೊಡು ಎಂದಳಂತೆ. ಡಾಬಿನ ಮೇಲೆ ಕೂತಿದ್ದರಿಂದ ಡಾಬಯ್ಯ ಎಂದು ಹೆಸರಿಟ್ಟಳಂತೆ. ಆಮೆ ಹಿಗ್ಗಿ ಎರಡನ್ನೂ ಕೊಟ್ಟಿತು. ಡಾಬನ್ನೂ ತಗೋ ಅಂದಿತು. ಬೇಡಪ್ಪ, ಅದು ಈಗ ನಿನ್ನ ಹೆಸರಿನಲ್ಲೇ ಇದೆ, ನೀನೇ ಇಟ್ಟುಕೋ ಎಂದು ಸೊಸೆ ಬರಿಗೈಯಲ್ಲಿ ಬಾವಿ ಹತ್ತಿದಳಂತೆ.

ಗಂಗಲಕ್ಷ್ಮಮ್ಮ ಹೂಂಗುಟ್ಟುತ್ತಲೇ ಇದ್ದಳು, ಯಾವ ಹೂಂ ಹಾಕುತ್ತಿದ್ದೇನೆ ಎಂದು ಗೊತ್ತಿಲ್ಲದೆ. ಮೂವತ್ತೆಂಟು ವರ್ಷ ಅವಳು ಮುಂದಿನ ಸಾಲು ಗೊತ್ತಿದ್ದೇ ಹಿಂದಿನ ಸಾಲಿಗೆ ಹೂಂ ಅಂದವಳು. ಈಗ ಮುಂದೆ ಏನೂ ಇರಲಿಲ್ಲ, ಕತ್ತಲೆ ಬಾವಿಯ ಮೇಲಿನ ಬೆಳಕಿನ ತುಂಡೊಂದು ಬಿಟ್ಟರೆ.

“ಮನೆ ಬಾಗ್ಲಿಗೆ ಬಂದ್ಲು,” ಅಂದಳು ಸರ್ವಮಂಗಳಮ್ಮ. “ಅತ್ತೆ ಹೊಸ್ಲು ಮೇಲೆ ನಿಂತವ್ಳೆ. ಸೊಂಟದ ಮೇಲೆ ಕೈ ಇಟ್ಟವ್ಳೆ. ‘ಡಾಬು ಎಲ್ಲೆ?’ ಅಂದ್ಲು.”

ನಿಲ್ಲಿಸಿದಳು. ಹೂಂಗಾಗಿ ಕಾದಳು.

ಹೂಂ ಬರಲಿಲ್ಲ. ಗಂಗಲಕ್ಷ್ಮಮ್ಮ ಬಾಯಿ ತೆರೆದುಕೊಂಡು ಅಕ್ಕಯ್ಯನ ಮುಖವನ್ನೇ ನೋಡುತ್ತಿದ್ದಳು. ಗಡಿಯಾರದವನ ಕೈ ಗಂಟೆಯ ಮೇಲಿತ್ತು. ಅಣ್ಣಯ್ಯಪ್ಪ ನಾಲ್ಕನೇ ಸಾಲಿನಲ್ಲಿ ಎದ್ದು ನಿಂತಿದ್ದ. ಆಕೆಯ ಗಂಟಲಿನಿಂದ ಹೊರಟದ್ದು ಬೇರೆಯೇ ಪದ.

“ಆಮ್ಯಾಕೆ?” ಅಂದಳು. “ಆಮ್ಯಾಕೇನಾಯ್ತು ಅಕ್ಕಯ್ಯ?”

ಸರ್ವಮಂಗಳಮ್ಮನ ಮುಖ ಆಗ ಹೇಗಾಯಿತೆಂದು ಹೇಳುವುದು ಕಷ್ಟ. ಹನ್ನೆರಡು ವರ್ಷದ ಹುಡುಗಿಗೆ ಮೊದಲ ಸಲ ಜಡೆಗೆ ಹೂ ಮುಡಿಸಿದರೆ ಹೀಗಾಗುತ್ತದೆ. ಅವಳು ತನ್ನ ಓರಗಿತ್ತಿಯ ಕಡೆ ಪೂರ್ತಿ ತಿರುಗಿದಳು. ಮೈಕು ಪಕ್ಕಕ್ಕೆ ಉಳಿಯಿತು. ಸಭೆ ಕಿವಿ ನಿಮಿರಿಸಿ ಮುಂದಕ್ಕೆ ಬಾಗಿತು.

“ಸೊಸೆ ನಕ್ಕುಬುಟ್ಲು ಕಣೇ. ‘ಡಾಬು ಬಾವೀಲೈತೆ ಅತ್ತೆಮ್ಮ. ಬೇಕಾದ್ರೆ ನೀವೇ ಇಳ್ದು ತಗಳಿ. ಆಮೆ ಒಳ್ಳೇದು, ಏನೋ ಮೂರು ಕೇಳ್ತದೆ ಅಷ್ಟೇಯ’ ಅಂದ್ಲು. ಅಂದು ಅಡುಗೆಮನೆಗೋಗಿ, ಮುದ್ದೆ ತಿರುವಿ, ತಾನು ಮೊದ್ಲು ಉಂಡ್ಲು.”

ಎರಡನೇ ಗಂಟೆ ಬಾರಿಸಿತಂತೆ. ಸಭೆಯ ನಗುವಿನಲ್ಲಿ ಅದು ಬಾರಿಸಿದ್ದು ಗಡಿಯಾರದವನಿಗೆ ಬಿಟ್ಟರೆ ಯಾರಿಗೂ ಗೊತ್ತಾಗಲಿಲ್ಲ. ರೆಕಾರ್ಡಿಂಗಿನವರ ಪ್ರಕಾರ ಕತೆ ಮೊದಲು ಮುಗಿಯಿತು, ನಗು ಆಮೇಲೆ ಶುರುವಾಯಿತು. ಅಧ್ಯಕ್ಷೆಯೂ ಅದನ್ನೇ ಬರೆದುಕೊಂಡರು. ಬರೆದುಕೊಳ್ಳುವ ಮುಂಚೆ ಅವರು ಕಣ್ಣು ಒರೆಸಿಕೊಂಡದ್ದನ್ನೂ, ಅದು ನಗುವಿನಿಂದಲೇ ಎಂದು ಪಕ್ಕದವರಿಗೆ ಹೇಳಿದ್ದನ್ನೂ ಮುಂದಿನ ಸಾಲಿನವರು ನೋಡಿದ್ದಾರೆ.

ತೀರ್ಪಿಗೆ ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಗಂಗಲಕ್ಷ್ಮಮ್ಮ ಒಂದು ಕಡೆ ಕೂರಲಾರದೆ ಸಭಾಂಗಣದ ಕಂಬದಿಂದ ಕಂಬಕ್ಕೆ ತಿರುಗಿದಳು. ಅತ್ತೆ ಬಾವಿಗೆ ಇಳಿದಳೋ ಇಲ್ಲವೋ? ಇಳಿದರೆ ಡಾಬಯ್ಯ ಅವಳ ಹತ್ತಿರ ಏನು ಕೇಳಿದ? ಮಿಕ್ಕ ಆರು ಸೊಸೆಯರು ಏನಂದರು? ಪುಟ್ಟರಂಗಯ್ಯ ಮೇಷ್ಟ್ರು ಬಂದು ಇಬ್ಬರಿಗೂ ಕೈಮುಗಿದು, ತಾನು ಮೂವತ್ತು ವರ್ಷ ಪಾಠ ಮಾಡಿದೆ, ಆಮೇಲೆ ಏನಾಯಿತು ಎಂದು ಒಬ್ಬನೇ ಒಬ್ಬ ಕೇಳಲಿಲ್ಲ ಎಂದರು. ಹಾಗೆ ಹೇಳಿ, ಬಹುಮಾನದ ಘೋಷಣೆಗೂ ಕಾಯದೆ ಕುಣಿಗಲ್ ಬಸ್ಸಿಗೆ ನಡೆದರು.

ಮೊದಲ ಬಹುಮಾನ ಸರ್ವಮಂಗಳಮ್ಮ ಮತ್ತು ಗಂಗಲಕ್ಷ್ಮಮ್ಮ ಎಂದು ಅಧ್ಯಕ್ಷೆ ಕೂಗಿದರು. ರೇಡಿಯೋ ರೆಕಾರ್ಡಿಂಗ್ ಇನ್ನು ಹದಿನೆಂಟು ದಿನಕ್ಕೆ, ಇಬ್ಬರೂ ಬೆಂಗಳೂರಿಗೆ ಬರಬೇಕು. ದಯಾನಂದ ಕುಣಿದಾಡುವುದೊಂದು ಬಾಕಿ. ಆ ಸಂಭ್ರಮದ ಮಧ್ಯೆ ಏನೋ ನೆನಪಾಗಿ ಗಂಗಲಕ್ಷ್ಮಮ್ಮನ ಹತ್ತಿರ ಬಂದು, ತೆಗೆದುಹಾಕಿದ ಹೂಂಗಳೆಲ್ಲ ಇನ್ನೊಂದು ಟೇಪಿನಲ್ಲಿ ಭದ್ರವಾಗಿವೆ, ಬೇಕಾದರೆ ತಂದುಕೊಡುತ್ತೇನೆ ಎಂದು ತಲೆ ಕೆರೆದುಕೊಂಡ. ಅವಳು ಹೂಂ ಅಂದಳು. ಈ ಸಲ ಅವನಿಗೂ ಸ್ವಲ್ಪ ಗೊತ್ತಾಯಿತು. ಅವನ ಮುಖ ಸಪ್ಪಗಾದದ್ದನ್ನು ನೋಡಿ ಅಣ್ಣಯ್ಯಪ್ಪ, ಹನ್ನೆರಡನೆಯದು, ನಾನೂ ಇವತ್ತೇ ಕೇಳಿದ್ದು ಎಂದು ಸಮಾಧಾನ ಹೇಳಿದ.

ಮೂರೂವರೆ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ತುಮಕೂರು ದಾಟುವ ಮೊದಲೇ ಗಂಗಲಕ್ಷ್ಮಮ್ಮ ಅಕ್ಕಯ್ಯನ ತೋಳು ಹಿಡಿದಳು. ಅತ್ತೆ ಬಾವಿಗಿಳಿದಳಾ ಎಂದು ಕೇಳಿದಳು. ಸರ್ವಮಂಗಳಮ್ಮ ಕಿಟಕಿಯಾಚೆ ತೆಂಗಿನ ತೋಟಗಳನ್ನು ನೋಡುತ್ತ ಕೂತಳು. ಆಮೆ ಏನು ಕೇಳಿತು, ಅದನ್ನಾದರೂ ಹೇಳು ಅಂದಳು ಗಂಗಲಕ್ಷ್ಮಮ್ಮ. ಮೂವತ್ತೆಂಟು ವರ್ಷದ ಮಾತು ಒಟ್ಟಿಗೇ ಬಂದ ಹಾಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದಳು. ಹಿಂದಿನ ಸೀಟಿನಲ್ಲಿದ್ದ ಅಣ್ಣಯ್ಯಪ್ಪ ಇದು ತನ್ನ ಹೆಂಡತಿಯೇ ಹೌದೋ ಎಂದು ಎರಡು ಸಲ ಬಗ್ಗಿ ನೋಡಿದ.

“ನಂಗಿನ್ನೂ ಗೊತ್ತಿಲ್ಲ ಕಣೇ,” ಅಂದಳು ಸರ್ವಮಂಗಳಮ್ಮ. “ಗೊತ್ತಾದ್ರೂ ಈಗ ಹೇಳಕಿಲ್ಲ. ಈಗ್ಲೇ ಹೇಳ್ಬುಟ್ರೆ, ಅಲ್ಲಿ ರೇಡಿಯೋದಲ್ಲಿ ನೀನು ಸುಳ್ಳು ಹೂಂ ಅಂತೀಯ.”

ಗಂಗಲಕ್ಷ್ಮಮ್ಮ ಬೆರಳು ಮಡಿಚಿ ಎಣಿಸಿದಳು. ಹದಿನೆಂಟು ದಿನ. ಗುಬ್ಬಿಯಲ್ಲಿ ಇಳಿಯುವವರೆಗೆ ಅವಳು ಮೂರು ಸಲ ಎಣಿಸಿದಳು, ಒಂದು ದಿನವೂ ಕಡಿಮೆಯಾಗಲಿಲ್ಲ.